ಎರಡನೇ ಕಿವಿಯ ಟೈಲರಕ್ಕ

"ನಿಮ್ಮ ಅಮೂಲ್ಯ ಅಭಿಪ್ರಾಯ ತಿಳಿಸಿ" ಎಂದು ಯಾವುದಾದರೂ ಸಂಸ್ಥೆ ಕೇಳಿತೆಂದರೆ, ತೀರ್ಮಾನ ಆಗಲೇ ಆಗಿಹೋಗಿದೆ ಎಂದರ್ಥ. ಇದು ನಿಮಗೂ ಗೊತ್ತು, ನನಗೂ ಗೊತ್ತು, ಕೇಳಿದವರಿಗಂತೂ ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ಗುಂಡಿ ಒತ್ತುತ್ತೇವೆ. "ಒಪ್ಪುತ್ತೇನೆ" ಎಂಬ ಗುಂಡಿ ಹಸಿರಾಗಿ, ದೊಡ್ಡದಾಗಿ ಕಣ್ಣೆದುರಿಗೇ ಇರುತ್ತದೆ. ಇನ್ನೊಂದನ್ನು ಹುಡುಕಬೇಕು. ಹುಡುಕುವಷ್ಟು ಪುರುಸೊತ್ತು ಯಾರಿಗಿದೆ?

ನಮ್ಮ ಬೀದಿಯ ಟೈಲರಕ್ಕನಿಗೂ ಪುರುಸೊತ್ತಿರಲಿಲ್ಲ. ಆದರೂ ಹುಡುಕಿದಳು. ಅದರಿಂದ ಅವಳಿಗೆ ಸನ್ಮಾನವೇನೂ ಆಗಲಿಲ್ಲ. ಮೊದಲ ಪೆಟ್ಟು ಅವಳಿಗೇ ಬಿತ್ತು. ಅದಕ್ಕೇ ಅವಳ ಕಥೆ ಹೇಳಬೇಕು ಅನ್ನಿಸಿದ್ದು.

ಅವಳ ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿದೆ. ಸೂರು ಇಳಿಜಾರು. ಹೊಸ ಗಿರಾಕಿ ತಲೆ ಬಡಿಸಿಕೊಳ್ಳುತ್ತಾನೆ, ಹಳೆಯ ಗಿರಾಕಿ ತಾನಾಗಿಯೇ ಬಗ್ಗಿ ಒಳಗೆ ಬರುತ್ತಾನೆ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಗೆ ಹೊಡೆದ ಮೊಳೆಗಳಲ್ಲಿ ಚೀಟಿ ಸಿಕ್ಕಿಸಿದ ಪ್ಯಾಂಟುಗಳು, ಬಾಗಿಲ ಬಳಿ ಸ್ಟೂಲಿನ ಮೇಲೆ ಅತ್ತೆ. ಅತ್ತೆಯ ಕೆಲಸ ಹಳೆ ಹೊಲಿಗೆ ಬಿಚ್ಚುವುದು, ಗುಂಡಿ ಹಚ್ಚುವುದು, ಬಂದವರನ್ನೆಲ್ಲ ವಿಚಾರಿಸಿಕೊಳ್ಳುವುದು. ಗಂಡ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾನೆ. ಬೆಳಗ್ಗೆ ಹೋದರೆ ಸಂಜೆಗೇ ಅವನ ಮುಖ.

ಟೈಲರಕ್ಕ ಹೊಸ ಬಟ್ಟೆ ಹೊಲಿಯುವುದು ಕಡಿಮೆ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಕೆಟ್ಟ ಝಿಪ್ಪು ಕಿತ್ತು ಹೊಸದು ಹಾಕುವುದು, ಶಾಲೆ ಶುರುವಾಗುವ ಕಾಲಕ್ಕೆ ಯೂನಿಫಾರ್ಮಿನ ರಾಶಿ. ಓದಿದ್ದು ಎಂಟನೇ ಕ್ಲಾಸಿನವರೆಗೆ. ಆಮೇಲೆ ಮನೆಯಲ್ಲಿ "ಸಾಕು" ಅಂದರು, ಇವಳು ಸಾಕು ಅಂದಿರಲಿಲ್ಲ. ಕೆಲಸ ಮಾಡುವಾಗ ಕಿವಿಯಲ್ಲಿ ಸದಾ ಇಯರ್‌ಫೋನು, ಹಳೆಯ ಹಾಡು.

ಒಂದು ದಿನ ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಬಂದ ನಿವೃತ್ತ ಮೇಷ್ಟ್ರು ಮಾತಿಗೆ ಕೂತರು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಓದಿ ಧ್ವನಿಮುದ್ರಿಸಿ ಕಳಿಸುವ ಬಳಗವೊಂದನ್ನು ಅವರು ಕಟ್ಟಿದ್ದರು. ಎಲ್ಲ ಫೋನಿನಲ್ಲೇ, ಅಂತರ್ಜಾಲದಲ್ಲೇ. ಯಾರೂ ಯಾರ ಮುಖವನ್ನೂ ನೋಡಿದವರಲ್ಲ. ಒಬ್ಬರು ತಮ್ಮ ಮನೆಯಲ್ಲಿ ಕೂತು ಪಾಠ ಓದುತ್ತಾರೆ, ಇನ್ನೊಬ್ಬರು ಪುಸ್ತಕ ಎದುರಿಗಿಟ್ಟುಕೊಂಡು ಅದನ್ನು ಪೂರ್ತಿ ಆಲಿಸಿ ತಪ್ಪು ಗುರುತಿಸುತ್ತಾರೆ. ಈ ಇನ್ನೊಬ್ಬರಿಗೆ ಬಳಗದಲ್ಲಿ "ಎರಡನೇ ಕಿವಿ" ಎಂದು ಹೆಸರು. ಎರಡನೇ ಕಿವಿ ಗ್ರೂಪಿನಲ್ಲಿ "ಸರಿಯಿದೆ" ಎಂದು ಬರೆಯುವ ತನಕ ಆ ಪಾಠ ಯಾವ ವಿದ್ಯಾರ್ಥಿಗೂ ಹೋಗುವಂತಿಲ್ಲ. ಅದು ಬಳಗದ ಮೊದಲ ನಿಯಮ.

"ಓದೋರು ಬೇಕಾದಷ್ಟು ಜನ ಸಿಗ್ತಾರಮ್ಮ. ಎಲ್ಲರಿಗೂ ತಮ್ಮ ದನಿ ಚೆಂದ. ಕೂತು ಆಲಿಸೋರು ಸಿಗಲ್ಲ" ಎಂದರು ಮೇಷ್ಟ್ರು.

"ನನ್ನ ಕೈ ಖಾಲಿ ಇರಲ್ಲ ಸಾರ್. ಕಿವಿ ಖಾಲಿ ಇರತ್ತೆ" ಎಂದಳು ಟೈಲರಕ್ಕ. "ನಡೆಯತ್ತಾ?"

"ಬಾಯಿ?" ಎಂದು ಸ್ಟೂಲಿನಿಂದ ಅತ್ತೆ ಕೇಳಿದರು. "ಅದು ಖಾಲಿ ಇರೋದನ್ನ ನಾನಂತೂ ನೋಡಿಲ್ಲ."

ಹಾಗೆ ಶುರುವಾಯಿತು. ಯಂತ್ರದ ಪಕ್ಕದಲ್ಲಿ ಪುಸ್ತಕ ತೆರೆದಿಟ್ಟು, ಹಾರದಂತೆ ಅದರ ಮೇಲೆ ಕತ್ತರಿ ಇಟ್ಟು, ಕಿವಿಯಲ್ಲಿ ಅರ್ಥಶಾಸ್ತ್ರ, ಕೈಯಲ್ಲಿ ಝಿಪ್ಪು. ವರ್ಷಗಳು ಕಳೆದಂತೆ ಅವಳು ಇತಿಹಾಸ ಮುಗಿಸಿದಳು, ರಾಜ್ಯಶಾಸ್ತ್ರ ಮುಗಿಸಿದಳು, ಕಾನೂನಿಗೆ ಬಂದಳು. ಓದುವವರಿಗೆ ಅವಳೆಂದರೆ ಭಯ. ಒಂದು ಪದ ನುಂಗಿದರೆ ವಾಪಸ್ಸು. ಪುಟ ಮಗುಚಿದ ಸದ್ದು ಕೇಳಿದರೆ ವಾಪಸ್ಸು. ಬ್ಯಾಂಕಿನ ಮ್ಯಾನೇಜರೊಬ್ಬರು ಓದಿದ ಪಾಠದಲ್ಲಿ ಅವರ ಮನೆಯ ಕುಕ್ಕರು ಕೂಗಿತ್ತೆಂದು ಇಡೀ ಪಾಠ ವಾಪಸ್ಸು. ಎಂಟನೇ ಕ್ಲಾಸಿಗೆ ನಿಲ್ಲಿಸಿದವಳ ಒಂದು "ಸರಿಯಿದೆ"ಗೆ ಮ್ಯಾನೇಜರು ಕಾಯುತ್ತಿದ್ದರು. ಆ ಸುಖ ಎಂಥದ್ದೆಂದು ಜೀವನದಲ್ಲಿ ಒಮ್ಮೆಯೂ "ಸಾಕು" ಅನ್ನಿಸಿಕೊಳ್ಳದವರಿಗೆ ತಿಳಿಯುವುದಿಲ್ಲ.

ಮೊನ್ನೆ ಮೊನ್ನೆ ಆ ಬಳಗಕ್ಕೂ ಭವಿಷ್ಯದ ಚಿಂತೆ ಹತ್ತಿತು. ಬಳಗ ದೊಡ್ಡದಾಗಿತ್ತು, ಪಾಠಗಳು ರಾಶಿ ಬಿದ್ದಿದ್ದವು. ಯಾರೋ ಒಬ್ಬ ಸಲಹೆಗಾರರು, ದೊಡ್ಡ ದೊಡ್ಡ ಕಂಪನಿಗಳಿಗೆ ದಾರಿ ತೋರಿಸುವವರು, ಪುಕ್ಕಟೆಯಾಗಿ ಒಂದು ಯೋಜನೆ ಬರೆದುಕೊಟ್ಟರು. ಹೆಸರು "ಮುಂದಿನ ಐದು ವರ್ಷಗಳ ದಿಕ್ಕು". ಮುಖಪುಟದಲ್ಲಿ ಒಂದು ಬೆಟ್ಟ, ಬೆಟ್ಟದ ತುದಿಗೆ ಬಾವುಟ, ಬುಡದಿಂದ ತುದಿಗೆ ಬಾಣದ ಗುರುತು. ಒಳಗೆ ಬಣ್ಣಬಣ್ಣದ ಚೌಕಗಳು. ಅದನ್ನು ಗ್ರೂಪಿಗೆ ಹಾಕಿ, "ಇದು ನಿಮ್ಮ ಬಳಗ, ನಿಮ್ಮ ದನಿ ಮುಖ್ಯ, ಭಾನುವಾರದೊಳಗೆ ಉತ್ತರಿಸಿ" ಎಂದರು. ಪ್ರಶ್ನೆಗಳಿಗೆ ಉತ್ತರವೂ ಸಿದ್ಧವಾಗಿತ್ತು: ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಬಹುಮಟ್ಟಿಗೆ ಒಪ್ಪುತ್ತೇನೆ. ಒಪ್ಪುವುದಿಲ್ಲ ಎಂಬವರು ಕೊನೆಯಲ್ಲಿ ಒಂದು ಖಾಲಿ ಚೌಕದೊಳಗೆ ಹೋಗಿ ಬಿದ್ದುಕೊಳ್ಳಬೇಕು.

ಟೈಲರಕ್ಕ ಅದನ್ನು ಇಸ್ತ್ರಿ ಮೇಜಿಗೆ ಒರಗಿ ಓದಿದಳು. ಮಧ್ಯದಲ್ಲೆಲ್ಲೋ ಒಂದು ಸಾಲಿತ್ತು. ಎರಡನೇ ಕಿವಿಯ ಹಂತವನ್ನು ರದ್ದು ಮಾಡಿ, ತಪ್ಪು ಹುಡುಕುವ ಕೆಲಸವನ್ನು ಕಂಪ್ಯೂಟರಿಗೆ ವಹಿಸಲಾಗುವುದು. ಈಗಿರುವ ಎರಡನೇ ಕಿವಿಗಳು ಇನ್ನು ಮುಂದೆ "ಬಳಗದ ರಾಯಭಾರಿಗಳು".

"ಅತ್ತೆ, ನನ್ನನ್ನ ರಾಯಭಾರಿ ಮಾಡ್ತಾರಂತೆ."

"ಯಾವ ದೇಶಕ್ಕೆ?"

"ಯಾವ ದೇಶಕ್ಕೂ ಇಲ್ಲ. ಇರೋ ಕೆಲಸ ಕಿತ್ಕೊಂಡು ಹೆಸರು ಕೊಡ್ತಾರೆ."

"ಓ, ಹಾಗಾದ್ರೆ ನಾನೂ ಈ ಮನೆ ರಾಯಭಾರೀನೇ" ಎಂದು ಅತ್ತೆ ದಾರ ಕಚ್ಚಿ ತುಂಡು ಮಾಡಿದರು.

ಟೈಲರಕ್ಕನಿಗೆ ನಗು ಬರಲಿಲ್ಲ. ಕಿವಿಯನ್ನು ಉಳಿಸಿಕೊಳ್ಳಲೇಬೇಕು ಎಂದು ಹಟ ಹಿಡಿದಳು. ತನ್ನ ಪರವಾಗಿ ಬರೆಯಲು ಜನ ಬೇಕಲ್ಲ? ಅವಳಿಗೆ ಥಟ್ಟನೆ ನೆನಪಾದವಳು ಲಾಯರ್ ಹುಡುಗಿ. ಇನ್ನೂ ಲಾಯರಾಗಿಲ್ಲ, ಆಗಬೇಕೆಂದಿರುವವಳು. ಹುಟ್ಟಿನಿಂದ ಕಣ್ಣು ಕಾಣದು. ಹಗಲು ಒಂದು ಆಸ್ಪತ್ರೆಯಲ್ಲಿ ಫೋನ್ ಕರೆಗಳನ್ನು ಒಳಗಿನ ವಿಭಾಗಗಳಿಗೆ ಜೋಡಿಸುವ ಕೆಲಸ, ಸಂಜೆ ಕಾನೂನಿನ ಓದು. ಪಾಠ ಸಿಕ್ಕಾಗಲೆಲ್ಲ "ಥ್ಯಾಂಕ್ಸ್ ಅಕ್ಕಾ" ಎಂದು ಫೋನ್ ಮಾಡುತ್ತಿದ್ದ ಒಬ್ಬಳೇ ಒಬ್ಬಳು.

"ನೋಡಮ್ಮ, ಆ ಪ್ಲಾನಿಗೆ ನೀನೂ ಉತ್ತರ ಬರಿ. ಎರಡನೇ ಕಿವಿ ಬೇಕೇ ಬೇಕು ಅಂತ ಬರಿ."

"ಯಾವ ಪ್ಲಾನ್ ಅಕ್ಕಾ?"

"ಅದೇ, ಐದು ವರ್ಷದ್ದು. ನಿಂಗೆ ಬಂದಿಲ್ವಾ?"

"ಆ ಗ್ರೂಪಲ್ಲಿ ನಾವು ಇಲ್ಲವಲ್ಲ. ಅದು ಪಾಠ ಓದಿ ಕಳ್ಸೋರದ್ದು. ಕಳ್ಸಿ, ನೋಡ್ತೀನಿ."

ಕಳಿಸಿದಳು. ಸ್ವಲ್ಪ ಹೊತ್ತಿಗೆ ಹುಡುಗಿಯೇ ಫೋನ್ ಮಾಡಿದಳು. ನಗು ತಡೆಯಲಾಗದೆ ಮಾತು ತುಂಡಾಗುತ್ತಿತ್ತು. "ಅಕ್ಕಾ, ಕೇಳಿ ಇಲ್ಲಿ" ಎಂದು ತನ್ನ ಇನ್ನೊಂದು ಫೋನನ್ನು ಹತ್ತಿರ ಹಿಡಿದಳು. ಪರದೆಯ ಮೇಲಿರುವುದನ್ನು ಓದಿ ಹೇಳುವ ಆ ಫೋನಿನ ಯಂತ್ರದ ದನಿ ಶಿಸ್ತಾಗಿ ಹೇಳುತ್ತಿತ್ತು: "ಚಿತ್ರ. ಚಿತ್ರ. ಚಿತ್ರ. ಚಿತ್ರ."

ಕಣ್ಣು ಕಾಣದವರಿಗೆ ಓದಿ ಹೇಳಲೆಂದೇ ಹುಟ್ಟಿದ ಬಳಗ, ತನ್ನ ಭವಿಷ್ಯದ ಪ್ರಶ್ನೆಯನ್ನು ಚಿತ್ರ ಮಾಡಿ ಕಳಿಸಿತ್ತು. ಒಂದು ಅಕ್ಷರವೂ ಕಿವಿಗೆ ಸಿಗದ ಹಾಗೆ. ಈ ತಪ್ಪನ್ನು ಸಿಮೆಂಟು ಮಾರುವ ಕಂಪನಿ ಮಾಡಿದ್ದರೆ ನಾನು ಕೈ ಬೀಸಿ ಬಿಟ್ಟುಬಿಡುತ್ತಿದ್ದೆ. ಇವರು ಮಾಡಬಹುದೇ? ಇವರೇ ಮಾಡುವುದು! ಯಾರ ಸೇವೆ ಮಾಡುತ್ತೇವೋ ಅವರ ಬಗ್ಗೆ ನಮಗೆಲ್ಲ ಗೊತ್ತು ಎಂಬ ಕೊಬ್ಬು ಸೇವೆ ಮಾಡುವವರಿಗೇ ಬರುವುದು. ಮಾರುವವನಿಗೆ ಆ ಧೈರ್ಯ ಇರುವುದಿಲ್ಲ, ಗಿರಾಕಿ ಎದ್ದು ಹೋಗುತ್ತಾನೆಂಬ ಅಂಜಿಕೆಯಾದರೂ ಇರುತ್ತದೆ.

ಭಾನುವಾರ ಬಳಗದ ಆನ್‌ಲೈನ್ ಸಭೆ. ಟೈಲರಕ್ಕ ಫೋನನ್ನು ದಾರದ ಉಂಡೆಗಳ ಡಬ್ಬಿಗೆ ಒರಗಿಸಿ ಕೂತಳು. ಸಲಹೆಗಾರರು ಬೆಟ್ಟ ತೋರಿಸಿದರು, ಬಾಣ ತೋರಿಸಿದರು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಇವಳು ಕೈ ಎತ್ತಿದಳು.

"ಇದನ್ನ ಕಣ್ಣು ಕಾಣದ ಮಕ್ಕಳಿಗೆ ಕಳ್ಸಿದೀರಾ?"

"ಒಳ್ಳೆಯ ಪ್ರಶ್ನೆ ಮೇಡಂ" ಎಂದರು ಸಲಹೆಗಾರರು. "ಅವರು ಫಲಾನುಭವಿಗಳು. ಇದು ಸ್ವಯಂಸೇವಕರ ಸಮಾಲೋಚನೆ. ಅವರಿಗೆ ಮುಂದಿನ ಹಂತದಲ್ಲಿ ಮಾಹಿತಿ ಕೊಡ್ತೀವಿ."

"ಮಾಹಿತಿ ಕೊಡೋದು ಬೇರೆ, ಅಭಿಪ್ರಾಯ ಕೇಳೋದು ಬೇರೆ ಅಲ್ವಾ ಸಾರ್? ಮೇಷ್ಟ್ರೇ, ನೀವು ಹೇಳಿ."

ಮೇಷ್ಟ್ರು ಪರದೆಯ ಮೇಲಿನ ತಮ್ಮ ಚೌಕದಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮನುಷ್ಯ. ಒಳ್ಳೆಯವರಿಗೆ ತಪ್ಪು ಕಾಣಲು ಹೊತ್ತು ಹಿಡಿಯುತ್ತದೆ, ಕಂಡಮೇಲೆ ಓಡಿಹೋಗುವುದಿಲ್ಲ. "ನಾಚಿಕೆ ಆಗ್ಬೇಕು ನಮಗೆ" ಎಂದರು. "ಇದನ್ನ ನಾನೇ ಓದಿ ರೆಕಾರ್ಡ್ ಮಾಡ್ತೀನಿ. ನಮ್ಮ ನಿಯಮದ ಪ್ರಕಾರ ಎರಡನೇ ಕಿವಿ ಆಲಿಸಿದ ಮೇಲೆ ಎಲ್ಲ ಮಕ್ಕಳಿಗೂ ಹೋಗ್ಲಿ. ಅವರ ಉತ್ತರ ಬರೋವರೆಗೆ ಏನೂ ತೀರ್ಮಾನ ಇಲ್ಲ."

ಎರಡನೇ ಕಿವಿ ಯಾರಾಗಬೇಕು ಎಂಬುದನ್ನು ಯಾರೂ ಕೇಳಲಿಲ್ಲ.

ಮೇಷ್ಟ್ರು ಓದಿ ಕಳಿಸಿದ್ದನ್ನು ಟೈಲರಕ್ಕ ಒಂದು ಕಿಟಕಿ ಪರದೆಯ ಅಂಚು ಮಡಿಸುತ್ತ ಆಲಿಸಿದಳು. "ಸಾಮರ್ಥ್ಯ ವರ್ಧನೆಯ ಸಮಗ್ರ ಚೌಕಟ್ಟು" ಎಂಬಲ್ಲಿ ಯಂತ್ರ ನಿಲ್ಲಿಸಿ ಮೇಷ್ಟ್ರಿಗೆ ಫೋನ್ ಮಾಡಿದಳು.

"ಸಾರ್, ಹಂಗಂದ್ರೇನು?"

"ಹೊಸಬರಿಗೆ ಓದೋದು ಹೇಗೆ ಅಂತ ಹೇಳಿಕೊಡೋದು."

"ಹಂಗೇ ಅನ್ನಿ ಮತ್ತೆ."

ಹೀಗೆ ಒಂದೊಂದೇ ಕಳಚಿ ಕಳಚಿ, ದಪ್ಪ ಯೋಜನೆ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಆಲಿಸಿ ಮುಗಿಸುವ ಹಾಗಾಯಿತು. ಎಲ್ಲರಿಗೂ ಹೋಯಿತು. ಟೈಲರಕ್ಕ ಗೆಲುವಿನಲ್ಲಿದ್ದಳು. "ನೋಡ್ತಾ ಇರಿ ಅತ್ತೆ, ಆ ಮಕ್ಕಳು ಕಿವಿಯನ್ನ ಬಿಟ್ಟುಕೊಡಲ್ಲ" ಎಂದಳು.

ಮುಂದಿನ ಭಾನುವಾರದ ಸಭೆಗೆ ವಿದ್ಯಾರ್ಥಿಗಳು ಬಂದರು. ತಮ್ಮ ಬಳಗದ ಸಭೆಗೆ ಅವರು ಬಂದದ್ದು ಅದೇ ಮೊದಲು. ಲಾಯರ್ ಹುಡುಗಿ ಮಾತು ಶುರುಮಾಡಿದಳು.

"ಅಕ್ಕಾ, ನೀವು ಕೇಳಿಸ್ಕೋತಿದೀರ ಅಂತ ಗೊತ್ತು. ಬೇಜಾರ್ ಮಾಡ್ಕೋಬೇಡಿ. ಎರಡನೇ ಕಿವಿಯಿಂದ ನನ್ನ ಒಂದು ವರ್ಷ ಹೋಯ್ತು."

ಟೈಲರಕ್ಕನ ಕೈಯಲ್ಲಿದ್ದ ಸೂಜಿ ನಿಂತಿತು.

ಕರಾರು ಕಾಯ್ದೆಯ ಪುಸ್ತಕ. ಓದಿದವರು ಬ್ಯಾಂಕಿನ ಮ್ಯಾನೇಜರು. ಮೊದಲರ್ಧ ಸಮಯಕ್ಕೆ ಬಂದಿತ್ತು. ಉಳಿದರ್ಧ ಎರಡನೇ ಕಿವಿಯ ಹತ್ತಿರ ಸಿಕ್ಕಿಕೊಂಡಿತು. ಹಿಂದೆ ಫ್ಯಾನಿನ ಸದ್ದು ಬರುತ್ತಿದೆಯೆಂದು ವಾಪಸ್ಸು. ಮತ್ತೆ ಓದಿ ಕಳಿಸಿದರು, ಮತ್ತೆ ಸದ್ದು, ಮತ್ತೆ ವಾಪಸ್ಸು. ಅಷ್ಟರಲ್ಲಿ ಯೂನಿಫಾರ್ಮಿನ ಕಾಲ ಬಂತು, ಟೈಲರಕ್ಕನಿಗೆ ಉಸಿರಾಡಲು ಬಿಡುವಿಲ್ಲ. ಬೇರೊಂದು ಕಿವಿಗೆ ಕೊಡೋಣವೇ ಎಂದು ಮೇಷ್ಟ್ರು ಕೇಳಿದ್ದರು. ಅವಳು ಕೊಡಲಿಲ್ಲ, ಅವರು ಅಷ್ಟು ಚೊಕ್ಕ ಮಾಡುವುದಿಲ್ಲ ಎಂದು. ಪಾಠ ಹುಡುಗಿಯ ಕೈ ಸೇರುವಾಗ ಪರೀಕ್ಷೆ ಮುಗಿದಿತ್ತು. ಅರ್ಧ ಪುಸ್ತಕದಲ್ಲಿ ಪರೀಕ್ಷೆ ಬರೆದವಳು ಫೇಲಾದಳು.

"ಫ್ಯಾನಿನ ಸದ್ದು ಇದ್ರೆ ಇರ್ಲಿ ಅಕ್ಕಾ" ಎಂದಳು ಹುಡುಗಿ. "ನನ್ನ ತಲೆ ಮೇಲೂ ಒಂದು ಫ್ಯಾನು ತಿರುಗ್ತಾನೇ ಇರತ್ತೆ."

ಯಾರೋ ನಕ್ಕರು. ಸಲಹೆಗಾರರ ಮುಖ ಅರಳಿತು. "ಅಂದ್ರೆ ಕಂಪ್ಯೂಟರ್ ವ್ಯವಸ್ಥೆಗೆ ನಿಮ್ಮ ಒಪ್ಪಿಗೆ ಇದೆ ಅಂತ ಬರ್ಕೊಳ್ಲಾ?"

"ಅಯ್ಯೋ, ಅದೂ ಬೇಡ ಸಾರ್. ಬಂದ ತಕ್ಷಣ ಪಾಠ ನಮಗೆ ಕಳ್ಸಿಬಿಡಿ. ತಪ್ಪಿದ್ರೆ ನಾವೇ ಹೇಳ್ತೀವಿ, ಆಮೇಲೆ ತಿದ್ದಿ. ಕಿವಿ ನಮ್ಮ ಹತ್ರ ಇದೆ. ದಿನಾ ಅದರಲ್ಲೇ ಬದುಕೋದು. ನಮಗಿಲ್ಲದೇ ಇರೋದು ಕಣ್ಣು. ಪುಸ್ತಕದಲ್ಲಿ ಚಿತ್ರ ಬರತ್ತೆ, ಕೋಷ್ಟಕ ಬರತ್ತೆ. ನೀವು 'ಚಿತ್ರವನ್ನು ನೋಡಿ' ಅಂತ ಓದಿ ಮುಂದಕ್ಕೆ ಹೋಗ್ತೀರಿ. ಯಾರು ನೋಡ್ಬೇಕು? ಆ ಚಿತ್ರದಲ್ಲಿ ಏನಿದೆ ಅಂತ ಹೇಳೋರು ಬೇಕು. ಇಷ್ಟು ವರ್ಷ ನಮ್ಮನ್ನ ಯಾರೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ."

ಆಮೇಲೆ ಒಬ್ಬರಾದ ಮೇಲೆ ಒಬ್ಬರು ಅದನ್ನೇ ಹೇಳಿದರು. ಒಬ್ಬ ಭೂಗೋಳದ ವಿದ್ಯಾರ್ಥಿಯಂತೂ, ತಾನು ಇಡೀ ಭೂಗೋಳವನ್ನು ಒಂದೇ ಒಂದು ನಕಾಶೆಯಿಲ್ಲದೆ ಮುಗಿಸಿದವನು, ತನಗೆ ಬಹುಮಾನ ಕೊಡಬೇಕು ಎಂದ. ಸಲಹೆಗಾರರು ಬರೆದುಕೊಳ್ಳುತ್ತಲೇ ಇದ್ದರು, ಮತ್ತೆ ಬೆಟ್ಟ ತೋರಿಸಲಿಲ್ಲ.

ಟೈಲರಕ್ಕ ಸಭೆ ಮುಗಿಯುವ ಮುಂಚೆಯೇ ಫೋನು ಮಗುಚಿಟ್ಟಳು.

ಮುಂದಿನ ಕೆಲವು ದಿನ ಅಂಗಡಿಯಲ್ಲಿ ಯಂತ್ರದ ಸದ್ದು ಬಿಟ್ಟರೆ ಬೇರೇನಿಲ್ಲ. ಇಯರ್‌ಫೋನು ಮೊಳೆಯಲ್ಲಿ ನೇತಾಡುತ್ತಿತ್ತು. ಗಂಡ ಸಂಜೆ ಬಂದು "ಏನಾಯ್ತೇ?" ಎಂದರೆ "ಏನಿಲ್ಲ." ಕೊನೆಗೆ ಅತ್ತೆಗೇ ತಡೆಯಲಾಗಲಿಲ್ಲ.

"ಅವರನ್ನ ಕೇಳ್ಬೇಕು ಕೇಳ್ಬೇಕು ಅಂತ ಕುಣಿದೋಳು ನೀನೇ ತಾನೆ? ಅವರು ಬಾಯಿಬಿಟ್ಟು ಹೇಳಿದ್ರು. ಈಗ ಯಾಕೆ ಮೂತಿ ಊದಿಸ್ಕೊಂಡು ಕೂತಿದೀಯ?"

"ಒಂದು ವರ್ಷ ಹೋಯ್ತಂತೆ ಅತ್ತೆ ಆ ಹುಡುಗಿದು. ನನ್ನಿಂದ."

"ಹೋಯ್ತು. ಮತ್ತೆ ಹೊಲ್ಕೊಡಕ್ಕಾಗಲ್ಲ. ಆದ್ರೆ ಪ್ಯಾಂಟು ಬಿಗಿ ಅಂತ ಗಿರಾಕಿ ವಾಪಸ್ ತಂದ್ರೆ ನೀನು ಅಳ್ತಾ ಕೂರ್ತೀಯಾ, ಹೊಲಿಗೆ ಬಿಚ್ತೀಯಾ?"

"ಬಿಚ್ಚೋದು ನೀವು."

"ಹ್ಞಾಂ, ಅದಕ್ಕೇ ಹೇಳ್ತಿರೋದು. ಬಿಚ್ಚಿ ಬಿಚ್ಚಿ ನನ್ನ ಬೆರಳು ಸವೆದಿದೆ. ಆ ಮಗುಗೆ ಫೋನ್ ಮಾಡು."

ಫೋನ್ ಮಾಡಿದಳು. ಮೊದಲು "ಊಟ ಆಯ್ತಾ?" ಎಂದಳು. ಹುಡುಗಿ ಆಯ್ತು ಎಂದಳು.

"ತಪ್ಪಾಯ್ತಮ್ಮ" ಎಂದಳು ಟೈಲರಕ್ಕ.

"ಇರ್ಲಿ ಬಿಡಿ ಅಕ್ಕಾ" ಎನ್ನಲಿಲ್ಲ ಹುಡುಗಿ. ನನಗೆ ಅವಳ ಬಗ್ಗೆ ಗೌರವ ಬಂದದ್ದು ಅಲ್ಲೇ. "ಹೌದು ಅಕ್ಕಾ, ತಪ್ಪಾಯ್ತು. ಈಗ ಒಂದು ಕೆಲ್ಸ ಮಾಡಿ. ನಿಮ್ಮ ಹತ್ರ ಕೋರ್ಟುಗಳ ಪುಸ್ತಕ ಇದೆಯಲ್ಲ, ಅದರ ಮೊದಲ್ನೇ ಪಾಠದಲ್ಲೇ ಒಂದು ಚಿತ್ರ ಇದೆಯಂತೆ. ಏನಿದೆ ಅದರಲ್ಲಿ?"

ಟೈಲರಕ್ಕ ಪುಸ್ತಕ ತೆಗೆದಳು. ಇಷ್ಟು ವರ್ಷ ಬೇರೆಯವರ ದನಿ ತಿದ್ದಿದವಳು, ತಾನೇ ಒಂದು ಸಾಲು ಹೇಳಲು ಹೊರಟಳು.

"ಮೇಲ್ಗಡೆ ಒಂದು ಚೌಕ ಇದೆ. ಅದರ ಕೆಳಗೆ ಇನ್ನೊಂದಷ್ಟು ಚೌಕ. ಇಲ್ಲಿಂದ ಇಲ್ಲಿಗೆ ಒಂದು ಗೆರೆ ಬಂದಿದೆ, ಇಲ್ಲಿಂದ ಹೀಗೆ ತಿರುಗಿ..."

"ಅಕ್ಕಾ."

"ಏನಮ್ಮ?"

"ಎಲ್ಲಿಂದ ಎಲ್ಲಿಗೆ?"

ಟೈಲರಕ್ಕ ನೋಡಿಕೊಂಡಳು. ಅವಳ ಬೆರಳು ಪುಟದ ಮೇಲೆ ಗೆರೆಯನ್ನು ತೋರಿಸುತ್ತಿತ್ತು. ಫೋನಿನ ಆ ಕಡೆ ಹುಡುಗಿ ನಗತೊಡಗಿದಳು, ಈ ಕಡೆ ಇವಳೂ. ಬಾಗಿಲ ಬಳಿ ಅತ್ತೆ "ಏನು? ನನಗೂ ಹೇಳ್ರೇ" ಎಂದು ಸ್ಟೂಲು ಎಳೆದುಕೊಂಡು ಹತ್ತಿರ ಬಂದರು.

ಅವತ್ತು ಆ ಒಂದು ಚಿತ್ರಕ್ಕೆ ಬಹಳ ಹೊತ್ತು ಹಿಡಿಯಿತು. ಯಾವ ಕೋರ್ಟಿನ ತೀರ್ಪಿನ ಮೇಲೆ ಯಾವ ಕೋರ್ಟಿಗೆ ಹೋಗಬಹುದು ಎಂಬುದನ್ನೇ ಆ ಗೆರೆಗಳು ತೋರಿಸುವುದು ಎಂದು ಮೊದಲು ಹೊಳೆದದ್ದು ಹುಡುಗಿಗೆ. ಚಿತ್ರ ಕಂಡವಳು ಇವಳು, ಅರ್ಥ ಮಾಡಿಕೊಂಡವಳು ಅವಳು. ಕೊನೆಗೆ ಇಬ್ಬರೂ ಸೇರಿ ಅದನ್ನು ನಾಲ್ಕು ಸಾಲಿನ ಮಾತು ಮಾಡಿದರು. ಟೈಲರಕ್ಕ ಅದನ್ನು ತನ್ನ ದನಿಯಲ್ಲೇ ರೆಕಾರ್ಡು ಮಾಡಿದಳು. ಹಿಂದೆ ಯಂತ್ರದ ಸದ್ದು ಇತ್ತು, ಬೀದಿಯಲ್ಲಿ ಸ್ಕೂಟರು ಹೋದದ್ದೂ ಇತ್ತು. ಕಳಿಸಿಬಿಟ್ಟಳು.

ಈಗ ಬಳಗದ ಯೋಜನೆಯನ್ನು ಮತ್ತೆ ಬರೆಯುತ್ತಿದ್ದಾರೆ. ಬರೆಯುವ ಸಮಿತಿಯಲ್ಲಿ ಅರ್ಧದಷ್ಟು ಜನ ವಿದ್ಯಾರ್ಥಿಗಳು. ಜಗಳ ಜೋರಾಗಿಯೇ ನಡೆದಿದೆ. ಭೂಗೋಳದವನಿಗೂ ಸಲಹೆಗಾರರಿಗೂ ಪ್ರತಿ ಸಭೆಯಲ್ಲೂ ಕಿತ್ತಾಟ. ಸಲಹೆಗಾರರು ಬಿಟ್ಟು ಹೋಗಿಲ್ಲ, ಅದು ಅವರ ದೊಡ್ಡತನ. ಪಾಠಗಳು ಓದಿದ ದಿನವೇ ಹೋಗುತ್ತಿವೆ. ತಪ್ಪುಗಳೂ ಹೋಗುತ್ತಿವೆ, ಬೈಗುಳ ವಾಪಸ್ಸು ಬರುತ್ತಿವೆ, ತಿದ್ದುಪಡಿ ನಡೆಯುತ್ತಿದೆ. ಬ್ಯಾಂಕಿನ ಮ್ಯಾನೇಜರು ಈಗ ನೇರವಾಗಿ ವಿದ್ಯಾರ್ಥಿಗಳಿಂದಲೇ ಬೈಸಿಕೊಳ್ಳುತ್ತಾರೆ, ಟೈಲರಕ್ಕನೇ ವಾಸಿಯಿದ್ದಳು ಎನ್ನುತ್ತಾರೆ. ಲಾಯರ್ ಹುಡುಗಿ ಪರೀಕ್ಷೆಗೆ ಮತ್ತೆ ಕೂರುತ್ತಿದ್ದಾಳೆ. ಈ ಸಲ ಕೈಯಲ್ಲಿ ಪೂರ್ತಿ ಪುಸ್ತಕವಿದೆ, ಚಿತ್ರಗಳ ಸಮೇತ.

ಟೈಲರಕ್ಕನಿಗೆ ಮ್ಯಾನೇಜರುಗಳನ್ನು ಕಾಯಿಸುವ ಸುಖ ಹೋಯಿತು. ಅದು ಹೋದದ್ದಕ್ಕೆ ಅವಳಿಗೆ ಬೇಸರವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಮೊನ್ನೆ ನಾನು ಪ್ಯಾಂಟು ತರಲು ಹೋದಾಗ ಅವಳು ಕಣ್ಣು ಮುಚ್ಚಿಕೊಂಡು, ಉದ್ದಕ್ಕೆ ಸೀಳಿ ತೋರಿಸಿದ ಒಂದು ಹೂವಿನ ಚಿತ್ರವನ್ನು ಅತ್ತೆಗೆ ಬಾಯಲ್ಲೇ ವಿವರಿಸುತ್ತಿದ್ದಳು. ಅತ್ತೆಯೂ ಕಣ್ಣು ಮುಚ್ಚಿಕೊಂಡಿದ್ದರು. "ಅರ್ಥ ಆಗ್ಲಿಲ್ಲ, ಮತ್ತೆ ಹೇಳು" ಎನ್ನುತ್ತಿದ್ದರು, ಸಿಕ್ಕಿದ್ದೇ ಅವಕಾಶ ಎಂಬಂತೆ.

ಇನ್ನು ನಿಮ್ಮ ವಿಷಯ. ನೀವೂ ಯಾವುದೋ ಒಂದು ಸಂಘದಲ್ಲೋ, ಸಮಿತಿಯಲ್ಲೋ, ಗ್ರೂಪಿನಲ್ಲೋ ಇದ್ದೀರಿ. ಯಾರದೋ ಒಳಿತಿಗಾಗಿ ದುಡಿಯುತ್ತಿದ್ದೀರಿ, ನಿಮ್ಮ ಮನಸ್ಸೂ ಒಳ್ಳೆಯದೇ ಇರಬಹುದು. ಆ ಯಾರೋ ಒಬ್ಬರ ಫೋನ್ ನಂಬರು ನಿಮ್ಮ ಹತ್ತಿರ ಇದೆಯೇ? ಇಲ್ಲದಿದ್ದರೆ ಇವತ್ತೇ ಹುಡುಕಿ. ಪತ್ರಿಕೆ ಕೆಳಗಿಟ್ಟು ಅವರಿಗೆ ಫೋನ್ ಮಾಡಿ. ನಾವು ಮಾಡುತ್ತಿರುವುದರಲ್ಲಿ ಯಾವುದು ನಿಮಗೆ ಬೇಡ ಎಂದು ಕೇಳಿ. ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಅವರು ಬೇಡ ಎಂದದ್ದು ನಿಮಗೆ ಅತ್ಯಂತ ಪ್ರೀತಿಯ ಕೆಲಸವೇ ಆಗಿದ್ದರೂ, ಅದನ್ನು ನಿಲ್ಲಿಸಿ.